ಆರನೆಯ ಕಾರ್ಡು

ಮಸಿಯ ವಾಸನೆ ಬಂದರೆ ಸಾಕು, ಚುಕ್ಕಿಗೆ ಮತ್ತೆ ಏಳು ವರ್ಷ. ದೊಡ್ಡಮ್ಮನ ಮೇಜಿನ ಕೆಳಗೆ ಕೂತು ಹಸಿರು ಮಸಿಯ ಬಾಟಲಿಯನ್ನು ಕದ್ದು ಮೂಸುತ್ತಿದ್ದ ಕಾಲ. ಸ್ವಲ್ಪ ಕಹಿ, ಸ್ವಲ್ಪ ತುಕ್ಕು, ನೆನೆದ ಗೋಡೆಯಂಥ ವಾಸನೆ. ಮೂಗಿನ ತುದಿ ಹಸಿರಾಗಿದ್ದರೂ "ನಾನಲ್ಲಪ್ಪ" ಎನ್ನುತ್ತಿದ್ದಳು. ದೊಡ್ಡಮ್ಮ ಬೈಯುತ್ತಿರಲಿಲ್ಲ. ಕರವಸ್ತ್ರ ಒದ್ದೆ ಮಾಡಿ ಮೂಗು ಒರೆಸಿ, ಸುಮ್ಮನೆ ಬರೆಯಲು ಕೂರುತ್ತಿದ್ದಳು.

ಆ ಬೆಳಿಗ್ಗೆ ಸ್ಟುಡಿಯೋದ ಮೇಲಂತಸ್ತಿನ ಕಾರಿಡಾರಿನ ತುಂಬ ಅದೇ ವಾಸನೆ.

ಕೊನೆಯ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಅಂದರೆ ಒಳಗೆ ಯಾರೂ ಇರಬಾರದು. ಆದರೆ ಒಳಗೆ ಯಾರೋ ಮಾತಾಡುತ್ತಿದ್ದರು. ಸಣ್ಣ ದನಿ. ಒಂದೊಂದೇ ಪದ.

ಚುಕ್ಕಿ ಚಿಲಕ ಸರಿಸಿ ಬಾಗಿಲನ್ನು ಗೋಡೆಗೆ ತಾಗುವಂತೆ ತಳ್ಳಿದಳು. ದೊಡ್ಡಮ್ಮ ನೆಲದ ಮೇಲೆ ಬಿದ್ದಿದ್ದಳು. ಕಿವಿಯ ಹಿಂದೆ ರಕ್ತ ಒಣಗಿತ್ತು. ಒಡೆದ ಬಾಟಲಿಯ ಹಸಿರು ಮಸಿ ಕೂದಲ ತನಕ ಹರಿದಿತ್ತು. ಕಣ್ಣು ಮುಚ್ಚಿತ್ತು, ತುಟಿ ಮಾತ್ರ ಅಲುಗುತ್ತಿತ್ತು.

"ಎರಡು ಮುಖ... ಎರಡು ಮುಖ..."

ಚುಕ್ಕಿ ಕಿರುಚಿದ್ದು ಕೆಳಗಿನ ಕ್ಯಾಂಟೀನಿಗೂ ಕೇಳಿಸಿತು.

*

ದೊಡ್ಡಮ್ಮನನ್ನು ಸ್ಟುಡಿಯೋದವರೆಲ್ಲ ಪದಜ್ಜಿ ಎನ್ನುತ್ತಿದ್ದರು. 'ಹೇಳು ನೋಡೋಣ' ಎಂಬ ಟಿವಿ ಆಟಕ್ಕೆ ಹದಿನೆಂಟು ವರ್ಷದಿಂದ ಕಾರ್ಡು ಬರೆಯುತ್ತಿದ್ದವಳು ಅವಳೇ. ಆಟ ಸರಳ. ಜೋಡಿಯಲ್ಲಿ ಒಬ್ಬರಿಗೆ ಫಲಕದ ಮೇಲಿನ ಕಾರ್ಡು ಕಾಣುತ್ತದೆ, ಇನ್ನೊಬ್ಬರು ಅದಕ್ಕೆ ಬೆನ್ನು ಹಾಕಿ ಕೂರುತ್ತಾರೆ. ಕಾರ್ಡಿನಲ್ಲಿ 'ಉರುಳುವ ವಸ್ತುಗಳು' ಎಂದಿದ್ದರೆ ಸುಳಿವು ಕೊಡುವವರು ಚೆಂಡು, ಚಕ್ರ, ಪೀಪಾಯಿ ಎಂದು ಹೆಸರಿಸುತ್ತ ಹೋಗಬೇಕು. ಬೆನ್ನು ಹಾಕಿದವರು ಅದು ಯಾವ ಗುಂಪು ಎಂದು ಹೇಳಬೇಕು. ಒಂದು ನಿಮಿಷ, ಆರು ಕಾರ್ಡು. ಆರನೆಯದು ಯಾವಾಗಲೂ ಕಬ್ಬಿಣದ ಕಡಲೆ.

ಕಾರ್ಡುಗಳು ಅಲ್ಲೇ ಹರಡಿರುತ್ತಿದ್ದರಿಂದ ಆ ಕೋಣೆಗೆ ಸಹಾಯಕಿ ಚುಕ್ಕಿಯೊಬ್ಬಳನ್ನು ಬಿಟ್ಟು ಯಾರಿಗೂ ಪ್ರವೇಶವಿರಲಿಲ್ಲ. ಉಳಿದವರು ಹೊಸ್ತಿಲಲ್ಲೇ ನಿಂತು ಮಾತಾಡಿ ಹೋಗಬೇಕು.

"ಬೀಗ ಒಡೆದಿಲ್ಲ. ಕಿಟಕಿಗೆ ಸರಳು," ಎಂದಳು ಕಾರ್ಯಕ್ರಮದ ನಿರ್ಮಾಪಕಿ. ಆಸ್ಪತ್ರೆಯ ವಾಹನ ಆಗಷ್ಟೇ ಹೋಗಿತ್ತು. "ಕೀಲಿ ಇರೋದು ಇಬ್ಬರ ಹತ್ರ. ಒಬ್ಬರು ಪ್ರಜ್ಞೆ ಇಲ್ದೆ ಮಲಗಿದ್ದಾರೆ. ಇನ್ನೊಬ್ಬಳು ನೀನು."

"ಮೇಡಂ, ಅವರು ನನ್ನ ದೊಡ್ಡಮ್ಮ!"

"ಅಳಬೇಡ. ಇವತ್ತು ಫೈನಲ್. ನಾಲ್ಕು ಗಂಟೆಗೆ ರೆಕಾರ್ಡಿಂಗ್ ಮುಗಿಯುತ್ತೆ. ಆಮೇಲೆ ಪೊಲೀಸರಿಗೆ ಫೋನ್ ಮಾಡ್ತೀನಿ. ನಿನ್ನ ಹೆಸರು ಹೇಳದೆ ನನಗೆ ಬೇರೆ ದಾರಿ ಇಲ್ಲ."

ಫೈನಲ್ಲಿನ ಕಾರ್ಡುಗಳಿದ್ದ ಲಕೋಟೆ ಮಸಿಯಲ್ಲಿ ನೆನೆದು ಮುದ್ದೆಯಾಗಿತ್ತು. ಅಂಟು ಬಿಚ್ಚಿರಲಿಲ್ಲ. ತನ್ನ ಕಬ್ಬಿಣದ ಬೀರುವಿನಲ್ಲಿದ್ದ ಹಳೆಯ ಲಕೋಟೆಯೊಂದನ್ನು ನಿರ್ಮಾಪಕಿ ಹೊರತೆಗೆದಳು. ಆರು ತಿಂಗಳ ಹಿಂದೆ ಪದಜ್ಜಿ ಬರೆದು ಅಂಟಿಸಿಕೊಟ್ಟದ್ದು. ಒಳಗೇನಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಚುಕ್ಕಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಪಕ್ಕದಲ್ಲಿ ಯಾರೋ ನಿಧಾನವಾಗಿ ಮಂಡಿ ಮಡಚಿ ಕೂತರು. ಗಂಟೆ ತಾತ. ಆಟದಲ್ಲಿ ತಪ್ಪು ಸುಳಿವು ಕೊಟ್ಟರೆ ಗಂಟೆ ಒತ್ತುವುದು ಅವರ ಕೆಲಸ. ಮೊದಲು ನ್ಯಾಯಾಲಯದಲ್ಲಿ ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುತ್ತಿದ್ದವರು. ಈಗಲೂ ಆಟಗಾರರು ಆಡಿದ ಪ್ರತಿ ಪದವನ್ನೂ ನೋಟುಬುಕ್ಕಿಗೆ ಇಳಿಸುತ್ತಿದ್ದರು. ಅವರು ಅವಳ ಬಿಚ್ಚಿದ ಚಪ್ಪಲಿಯನ್ನು ಎತ್ತಿ ಕಾಲ ಹತ್ತಿರ ಇಟ್ಟರು.

"ನಾಲ್ಕು ಗಂಟೆವರೆಗೂ ಟೈಮಿದೆ ಮಗಳೇ. ನಿನ್ನೆ ಬಾಗಿಲಿಗೆ ಬೀಗ ಹಾಕಿದ್ದೆಯಾ? ನಿಜ ಹೇಳು."

ಚುಕ್ಕಿ ತಲೆ ತಗ್ಗಿಸಿದಳು. "ಇಲ್ಲ ತಾತ. ದೊಡ್ಡಮ್ಮ ಕೆಳಗೆ ರಿಹರ್ಸಲ್ ನೋಡೋಕೆ ಬಂದಿದ್ರು. ನಾನು ಫ್ಲಾಸ್ಕ್ ತೊಳೆಯೋಕೆ ಅಂತ ಹೊರಟೆ. ಕೈ ತುಂಬಾ ಇತ್ತು, ಬರೀ ಚಿಲಕ ಹಾಕಿ ಬಂದೆ. ಆಮೇಲೆ ಮರೆತೇ ಹೋಯ್ತು."

"ಅಜ್ಜಿ ಮನೆಗೆ ಹೋಗಿಲ್ಲ ಅಂತ ನಿನಗೆ ಗೊತ್ತಾಗಲಿಲ್ಲವಾ?"

"ಫೈನಲ್ ಹಿಂದಿನ ದಿನ ಅವರು ಯಾರ ಜೊತೆಗೂ ಮಾತಾಡಲ್ಲ ತಾತ, ಬಾಯಿ ಜಾರೀತು ಅಂತ. ಹೇಳದೆ ಕೇಳದೆ ಹೋಗಿಬಿಡ್ತಾರೆ."

"ಹಾಗಾದ್ರೆ ನಿನ್ನೆ ಸಂಜೆ ಆ ಕೋಣೆ ಎಲ್ಲರಿಗೂ ತೆರೆದಿತ್ತು." ತಾತ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು. "ಬಾ, ನಾಲ್ಕು ಜನರನ್ನ ಮಾತಾಡಿಸೋಣ."

*

ನಿರೂಪಕ ಕನ್ನಡಿಯ ಮುಂದೆ ಮುಖಕ್ಕೆ ಪೌಡರು ಹಚ್ಚಿಸಿಕೊಳ್ಳುತ್ತಿದ್ದ.

"ಮೊನ್ನೆ ಪದಜ್ಜಿ ಜೊತೆ ಜಗಳ ಆಡಿದ್ದು ನಿಜ. ಕಾರ್ಡು ಸ್ವಲ್ಪ ಸುಲಭ ಮಾಡಿ ಅಜ್ಜಿ, ಜನ ಚಾನೆಲ್ ಬದಲಾಯಿಸ್ತಾರೆ ಅಂದೆ. 'ನಿನ್ನ ಮುಖ ನೋಡಿ ಬದಲಾಯಿಸ್ತಾರೆ ಕಣೋ' ಅಂದ್ರು. ಬಾಗಿಲಲ್ಲೇ ನಿಲ್ಲಿಸಿ!"

"ಒಳಗೆ ಹೋಗಲಿಲ್ಲ?"

"ಹದಿನೆಂಟು ವರ್ಷದಲ್ಲಿ ಹೋಗಿಲ್ಲ. ಬಾಗಿಲಿಂದ ಮೇಜು ಕಾಣುತ್ತೆ, ಗಡಿಯಾರ ಕಾಣುತ್ತೆ, ಅವರ ಸಿಟ್ಟು ಕಾಣುತ್ತೆ. ಅಷ್ಟೇ."

ಫೈನಲ್ಲಿನ ಎರಡು ಜೋಡಿಗಳಲ್ಲಿ ಒಂದು ದರ್ಜಿ ಅಣ್ಣ-ತಂಗಿಯದು. ಸಂಜೆ ಆರಕ್ಕೇ ಬಸ್ಸು ಹತ್ತಿದ್ದರು. ಟಿಕೆಟ್ ಇನ್ನೂ ತಂಗಿಯ ಚೀಲದಲ್ಲಿತ್ತು.

ಇನ್ನೊಂದು ಜೋಡಿ ಭೂಗೋಳದ ಮೇಷ್ಟ್ರು ಮತ್ತು ಅವರ ಹೆಂಡತಿ. ಹಿಂದಿನ ಎರಡು ವರ್ಷವೂ ಗೆದ್ದವರು. ಮೇಷ್ಟ್ರು ಹೆಂಡತಿಯ ಕೋಟಿನ ಗುಂಡಿ ಹಾಕುತ್ತಿದ್ದರು. ಆಕೆ ಕಿಟಕಿಯ ಹೊರಗೆ ನೋಡುತ್ತ ನಗುತ್ತಿದ್ದಳು.

"ನಿನ್ನೆ ಸಂಜೆ ಪದಜ್ಜಿ ಕೋಣೆಗೆ ಹೋಗಿದ್ರಾ ಮೇಷ್ಟ್ರೇ?"

"ಇಲ್ಲ ಸ್ವಾಮಿ. ಹೋದ ವಾರ ಹೊಸ್ತಿಲಲ್ಲಿ ನಿಂತು ನಮಸ್ಕಾರ ಹೇಳಿದ್ದಷ್ಟೆ. ಪಾಪ, ಹೇಗಿದ್ದಾರೆ? ಮಾತಾಡಿದ್ರಾ?"

"ಎರಡು ಮುಖ ಅಂತ ಕನವರಿಸ್ತಾ ಇದ್ರು."

ಮೇಷ್ಟ್ರ ಬೆರಳು ಗುಂಡಿಯ ಮೇಲೆ ನಿಂತಿತು. "ಪೆಟ್ಟಾಗಿದೆಯಲ್ಲ. ಏನೇನೋ ಕಾಣುತ್ತೆ," ಎಂದರು.

*

ಎರಡೂವರೆಗೆ ದೀಪ ಹತ್ತಿದವು. ಚುಕ್ಕಿಯ ಜಾಗ ಫಲಕದ ಹಿಂದೆ, ಕತ್ತಲಲ್ಲಿ. ಒಂದೊಂದೇ ಕಾರ್ಡನ್ನು ಕಂಡಿಗೆ ಸೇರಿಸುವುದು ಅವಳ ಕೆಲಸ. ಫಲಕದ ಆಚೆ ನಡೆಯುವುದೆಲ್ಲ ಕಿವಿಗೆ ಮಾತ್ರ.

ದರ್ಜಿ ಜೋಡಿ ಐದಕ್ಕೆ ನಿಂತಿತು. ಮೇಷ್ಟ್ರ ಸರದಿ. ಮೊದಲನೆಯದು, ಎರಡನೆಯದು... ಹೆಂಡತಿಯ ಉತ್ತರ ತಡೆತಡೆದು ಬರುತ್ತಿತ್ತು. ಐದೂ ಮುಗಿದವು. ಉಳಿದದ್ದು ಹದಿನೆಂಟು ಸೆಕೆಂಡು.

ಚುಕ್ಕಿ ಆರನೆಯ ಕಾರ್ಡು ಎತ್ತಿದಳು. ಹಸಿರು ಮಸಿ, ದೊಡ್ಡಮ್ಮನ ದುಂಡು ಅಕ್ಷರ. 'ಬಾಗಿಲ ಹಿಂದೆ ತೂಗುಹಾಕುವ ವಸ್ತುಗಳು.'

ಒಂದು ಸೆಕೆಂಡು. ಎರಡು. ಆಮೇಲೆ ಮೇಷ್ಟ್ರ ದನಿ ಬಂತು. ಅವರದೇ ದನಿ, ಆದರೆ ಬಾವಿಯೊಳಗಿನಿಂದ ಬಂದಂತೆ.

"ಛತ್ರಿ... ಕಡ್ಡಿ ಮುರಿದ ಛತ್ರಿ. ಶಾಲು. ನೀಲಿ ಶಾಲು. ದಾರಕ್ಕೆ ಕಟ್ಟಿದ ಸೀಟಿ. ಒಂಟಿ ಕೈಗವಸು... ಮುಖ. ಕಾಗದದ ಬಿಳಿ ಮುಖ, ಕಣ್ಣಿನ ತೂತು..."

ಕತ್ತಲಲ್ಲಿ ದೊಡ್ಡಮ್ಮ ಪಕ್ಕದಲ್ಲೇ ನಿಂತು ಆ ಗಂಡಸಿನ ಬಾಯಿಂದ ಮಾತಾಡುತ್ತಿದ್ದಾಳೆ ಎಂದು ಚುಕ್ಕಿಗೆ ಎನಿಸಿತು.

ಹೆಂಡತಿ ಮಗುವಿನ ಹಾಗೆ ಕೇಳಿದಳು:

"ಇದನ್ನೇ ಅಲ್ವೇನ್ರೀ ನೀವು ನಿನ್ನೆ ರಾತ್ರಿಯೆಲ್ಲ ನಿದ್ದೆಯಲ್ಲಿ ಹೇಳ್ತಾ ಇದ್ದದ್ದು?"

ಪ್ರೇಕ್ಷಕರು ಗೊಳ್ಳೆಂದು ನಕ್ಕರು. ಸಮಯ ಮುಗಿಯಿತು.

*

"ದೆವ್ವ, ತಾತ," ಎಂದಳು ಚುಕ್ಕಿ. "ದೊಡ್ಡಮ್ಮ ಹೋಗಿಬಿಟ್ರು ಅನ್ಸುತ್ತೆ. ಅದಕ್ಕೇ ಅವರ ವಸ್ತುಗಳೆಲ್ಲ..."

"ಅವರ ವಸ್ತುಗಳಾ?" ತಾತ ಅವಳ ಭುಜ ಹಿಡಿದರು. "ಎಲ್ಲಿರೋ ವಸ್ತುಗಳು?"

ಅವಳು ಹೇಳಿದಳು. ತಾತ ನೋಟುಬುಕ್ಕಿನಲ್ಲಿ ಮೇಷ್ಟ್ರ ಪದಗಳಿದ್ದ ಹಾಳೆಯನ್ನು ಎರಡು ಸಲ ಓದಿದರು.

ಮೂರೂ ಮುಕ್ಕಾಲಿಗೆ ನಿರ್ಮಾಪಕಿ, ಮೇಷ್ಟ್ರು, ಚುಕ್ಕಿ ಮೂವರನ್ನೂ ತಾತ ಪದಜ್ಜಿಯ ಕೋಣೆಗೆ ಕರೆತಂದಿದ್ದರು. ಮೇಷ್ಟ್ರ ಹೆಂಡತಿ ಕೆಳಗೆ ತನ್ನ ಕುರ್ಚಿಯಲ್ಲೇ ಉಳಿದಿದ್ದಳು. ಬಾಗಿಲು ಗೋಡೆಗೆ ಒತ್ತಿಕೊಂಡು ತೆರೆದಿತ್ತು.

"ಮೇಡಂ, ಬೆಳಿಗ್ಗೆಯಿಂದ ಇಲ್ಲಿಗೆ ಎಷ್ಟು ಸಲ ಬಂದ್ರಿ?" ಎಂದು ಕೇಳಿದರು ತಾತ.

"ಹತ್ತು ಸಲ. ಯಾಕೆ?"

"ಕಾಗದದ ಮುಖವಾಡ ಕಂಡ್ರಾ?"

"ಮುಖವಾಡನಾ? ಎಲ್ಲಿದೆ?"

ತಾತ ಬಾಗಿಲು ಮುಚ್ಚಿದರು.

ಬಾಗಿಲ ಹಿಂಬದಿಯ ಮೊಳೆಗಳಲ್ಲಿ ತೂಗುತ್ತಿದ್ದವು—ಕಡ್ಡಿ ಮುರಿದ ಛತ್ರಿ, ನೀಲಿ ಶಾಲು, ದಾರದ ಸೀಟಿ, ಒಂಟಿ ಕೈಗವಸು. ನಡುವೆ, ಆಳೆತ್ತರದಲ್ಲಿ, ಬಿಳಿಯ ಕಾಗದದ ಮುಖ. ಗಾಳಿಗೆ ಅದು ಮೆಲ್ಲಗೆ ತಿರುಗಿ ಎಲ್ಲರನ್ನೂ ನೋಡಿದಂತಾಯಿತು. ನಿರ್ಮಾಪಕಿ ಒಂದು ಹೆಜ್ಜೆ ಹಿಂದೆ ಸರಿದಳು.

"ಎಲ್ಲರೂ ಈ ಕೋಣೇನ ಹೊಸ್ತಿಲಿಂದ ನೋಡಿದವರೇ," ಎಂದರು ತಾತ. "ಬಾಗಿಲು ಒಳಕ್ಕೆ ತೆರೆದು ಗೋಡೆಗೆ ಒರಗಿದ್ರೆ ಇದು ಯಾರಿಗೂ ಕಾಣಲ್ಲ. ಬೆಳಿಗ್ಗೆ ನುಗ್ಗಿ ಬಂದ ನಮಗೂ ಕಾಣಲಿಲ್ಲ. ಒಳಗೆ ಬಂದು ಬಾಗಿಲು ಹಾಕಿಕೊಂಡವರಿಗೆ ಮಾತ್ರ ಕಾಣುತ್ತೆ. ಮುಖವಾಡ ಇಲ್ಲಿಗೆ ಬಂದದ್ದು ಯಾವಾಗಮ್ಮ?"

"ಮೊನ್ನೆ," ಎಂದಳು ಚುಕ್ಕಿ. "ದೊಡ್ಡಮ್ಮನೇ ಮಾಡಿದ್ದು. ನಾನೇ ಮೊಳೆ ಹೊಡೆದೆ. ಯಾರಿಗೂ ಹೇಳಿಲ್ಲ."

"ಗಡಿಯಾರ ಓಡ್ತಾ ಇದ್ರೆ ಆಟಗಾರ ಯೋಚನೆ ಮಾಡಲ್ಲ. ಒಂದು ಜಾಗಕ್ಕೆ ಮನಸ್ಸಿನಲ್ಲೇ ಹೋಗಿ ಕಂಡದ್ದನ್ನ ಹೇಳ್ತಾನೆ. ಬಾಗಿಲ ಹಿಂದೆ ಅಂದ ತಕ್ಷಣ ನಿಮಗೆ ಲೋಕದಲ್ಲಿ ಬೇರೆ ಬಾಗಿಲೇ ನೆನಪಾಗಲಿಲ್ಲ. ಅಲ್ಲವಾ ಮೇಷ್ಟ್ರೇ? ಹೆಜ್ಜೆ ಸದ್ದು ಕೇಳಿ ಇಲ್ಲೇ ಅವಿತುಕೊಂಡ್ರಿ. ತೆರೆದ ಬಾಗಿಲ ಮರೆಯಲ್ಲಿ, ಶಾಲು, ಛತ್ರಿಗಳ ನಡುವೆ. ಅಜ್ಜಿ ಒಳಗೆ ಬಂದು ಬಾಗಿಲು ಮುಚ್ಚಿ ತಿರುಗಿದ್ರು. ಒಂದು ಮುಖ ಇರಬೇಕಾದಲ್ಲಿ—"

"ಎರಡು ಮುಖ," ಎಂದಳು ಚುಕ್ಕಿ.

ಮೇಷ್ಟ್ರು ಗೋಡೆಗೆ ಒರಗಿ ಹಾಗೇ ನೆಲಕ್ಕೆ ಜಾರಿದರು.

"ನಾನು ಮುಟ್ಟಲಿಲ್ಲ. ಬೆಚ್ಚಿ ಹಿಂದಕ್ಕೆ ಬಿದ್ರು. ಮೇಜಿನ ಅಂಚು..."

"ಯಾಕೆ ಬಂದ್ರಿ? ಎರಡು ಸಲ ಗೆದ್ದವರು!" ಎಂದರು ತಾತ.

"ನನ್ನವಳಿಗೆ ಪದಗಳು ಹೋಗ್ತಾ ಇವೆ ಸ್ವಾಮಿ." ಅವರು ಅಂಗೈ ನೋಡಿಕೊಂಡರು. "ಹೋದ ತಿಂಗಳು ಬಾಚಣಿಗೆ ಮರೆತಳು. ಈ ವಾರ ತನ್ನ ತಂಗಿಯ ಹೆಸರು. ಡಾಕ್ಟರು ಇನ್ನು ವಾಪಸ್ ಬರಲ್ಲ ಅಂದ್ರು. ಕೊನೆಗೆ ಒಂದು ಸಲ, ಎಲ್ಲರೆದುರು, ಕೇಳಿದ ಪದ ಅವಳ ಬಾಯಿಗೆ ಬರಲಿ ಅಂತ... ಕಾರ್ಡು ನೋಡಿಕೊಂಡ್ರೆ ರಾತ್ರಿ ಕಲಿಸಬಹುದಿತ್ತು."

ತಾತ ಮೆಲ್ಲಗೆ ಕೇಳಿದರು. "ಅದು ಅರ್ಥ ಆಗುತ್ತೆ. ಚಿಲಕ ಯಾಕೆ ಹಾಕಿದ್ರಿ?"

"ಸತ್ತೇ ಹೋದ್ರು ಅಂದುಕೊಂಡೆ."

"ಇಡೀ ರಾತ್ರಿ ಉಸಿರಾಡ್ತಾ ಇದ್ರು ಮೇಷ್ಟ್ರೇ. ನೀವು ಒಂದು ಕೂಗು ಹಾಕಿದ್ರೆ ಸಾಕಿತ್ತು. ಈ ಮಗೂನ ಜೈಲಿಗೆ ಕಳಿಸೋ ತನಕ ಬಾಯಿ ಮುಚ್ಚಿಕೊಂಡಿದ್ರಲ್ಲ!"

ನಿರ್ಮಾಪಕಿ ಫೋನು ತೆಗೆದುಕೊಂಡು ಹೊರಗೆ ಹೋದಳು. ಹಿಂತಿರುಗಿದಾಗ ಚುಕ್ಕಿಯ ಮುಖ ನೋಡಲು ನಾಚಿದಳು.

"ಪೊಲೀಸರು ಹೊರಟಿದ್ದಾರೆ. ಆಸ್ಪತ್ರೆಯಿಂದಲೂ ಫೋನ್ ಬಂತು. ಕಣ್ಣು ಬಿಟ್ಟಿದ್ದಾರಂತೆ. ನೀನೆಲ್ಲಿ ಅಂತ ಕೇಳಿದ್ರಂತೆ."

ಚುಕ್ಕಿ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದಳು. ಸ್ಟುಡಿಯೋ ದಾಟಿದರೆ ಹೊರಬಾಗಿಲು.

ಒಂದು ದೀಪ ಬಿಟ್ಟು ಎಲ್ಲ ಆರಿದ್ದವು. ಖಾಲಿ ಫಲಕಕ್ಕೆ ಬೆನ್ನು ಹಾಕಿ ಮೇಷ್ಟ್ರ ಹೆಂಡತಿ ಇನ್ನೂ ಕೂತಿದ್ದಳು. ಕೋಟಿನ ಗುಂಡಿಗಳೆಲ್ಲ ಸರಿಯಾಗಿದ್ದವು.

"ಅವರು ಎಲ್ಲಿ?" ಎಂದಳು. "ಬೆಳಿಗ್ಗೆಯಿಂದ ಏನೋ ಒಂದು ಆಗ್ತಾ ಇದೆ ನನಗೆ. ಇಲ್ಲಿ." ಹೊಟ್ಟೆಯ ಮೇಲೆ ಕೈ ಇಟ್ಟು ಪದಕ್ಕಾಗಿ ಹುಡುಕಿದಳು. ಸಿಗಲಿಲ್ಲ.

ಚುಕ್ಕಿ ಬಾಗಿಲ ಕಡೆ ನೋಡಿದಳು. ಆಮೇಲೆ ಫಲಕದ ಹಿಂದೆ ಹೋಗಿ ತನ್ನ ಚೀಲದಿಂದ ಊಟದ ಡಬ್ಬಿ ತಂದಳು. ಮುಚ್ಚಳ ತೆಗೆದು ಅದನ್ನು ಆಕೆಯ ಮಡಿಲಲ್ಲಿ ಇಟ್ಟು, ಚಮಚವನ್ನು ಕೈಗೆ ಕೊಟ್ಟಳು.