ಮೇವಿನ ತೊಟ್ಟಿಯ ಉಪ್ಪು

ಮಂಗಳವಾರ ಬೆಳಿಗ್ಗೆ ಏಳೂಕಾಲಿಗೆ ಹುಲ್ಲುಗಾವಲಿನ ಯಜಮಾನ ಠಾಣೆಯ ಮೆಟ್ಟಿಲು ಹತ್ತಿದಾಗ ಅವನ ಒಂದು ಕಾಲಿನ ಚಪ್ಪಲಿಗೂ ಇನ್ನೊಂದರ ಚಪ್ಪಲಿಗೂ ಸಂಬಂಧವಿರಲಿಲ್ಲ. ಕಾವಲಿನಲ್ಲಿ ಒಂಬತ್ತು ಹಸುಗಳು ಸತ್ತು ಬಿದ್ದಿವೆ, ಅವುಗಳ ನಡುವೆ ದನ ಕಾಯುವ ಸೀಟಿಯಜ್ಜನೂ ಸತ್ತಿದ್ದಾನೆ ಎಂದು ಹೇಳಿ ಬೆಂಚಿನ ಮೇಲೆ ಕುಸಿದ. ನೀರು ಕುಡಿದು ಸುಧಾರಿಸಿಕೊಂಡ ಮೇಲೆ, ಇದು ಬೇಲಿಯಾಚೆಯ ನೆರೆಯವನ ಕೆಲಸ, ಅವನೇ ವಿಷ ಇಕ್ಕಿದ್ದಾನೆ, ಹಾಗೇ ಬರೆದುಕೊಳ್ಳಿ ಎಂದ. ಇನ್‌ಸ್ಪೆಕ್ಟರು ದೂರನ್ನು ಬರೆಸಿಕೊಂಡು, ಎಫ್‌ಐಆರ್ ದಾಖಲಿಸಿ, ದಫೇದಾರನನ್ನೂ ಪಶುವೈದ್ಯೆಯನ್ನೂ ಜೊತೆಗೆ ಕರೆದುಕೊಂಡು ಹೊರಟರು.

ಕಾವಲಿನ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಒಣಗಿದ ಹುಲ್ಲು ಮೊಣಕಾಲಿನವರೆಗೆ ಬಿಳುಪಾಗಿ ನಿಂತಿತ್ತು. ಸತ್ತ ಹಸುಗಳು ಉಬ್ಬಿದ ಹೊಟ್ಟೆಯೊಂದಿಗೆ ಅಲ್ಲಲ್ಲಿ ಮಲಗಿದ್ದವು. ದೂರದಿಂದ ನೋಡಿದರೆ ಯಾರೋ ಜೋಗುಳ ಹಾಡಿ ಒಂದೊಂದನ್ನೇ ಮಲಗಿಸಿ ಹೋದಂತಿತ್ತು. ಬದುಕಿದ್ದವು ಬೇಲಿಯ ಬಳಿ ಗುಂಪಾಗಿ ನಿಂತು ಒಂದೇ ದಿಕ್ಕಿಗೆ ಕಿವಿ ನಿಮಿರಿಸಿದ್ದವು. ದಿನವೂ ಆ ಹೊತ್ತಿಗೆ ಅಜ್ಜ ಎರಡು ಬೆರಳು ಬಾಯಿಗಿಟ್ಟು ಸೀಟಿ ಊದುತ್ತಿದ್ದನಂತೆ. ಬಾರದ ಸೀಟಿಗೆ ಅವು ಕಾಯುತ್ತಿವೆ ಎಂದು ತಿಳಿದಾಗ ಇನ್‌ಸ್ಪೆಕ್ಟರು ತಮಗರಿವಿಲ್ಲದೆ ಟೋಪಿ ತೆಗೆದರು. ಅವರ ಮನೆಯಲ್ಲಾದರೋ ಹೋದ ವರ್ಷದಿಂದ, ಸಂಜೆಯಾದರೆ ಬಾಗಿಲ ಚಿಲಕದ ಸದ್ದಿಗೆ ಕಾಯುವವರು ಇರಲಿಲ್ಲ.

ಪಂಚನಾಮೆ ಶುರುವಾಯಿತು. ಅಜ್ಜನ ಮೈಮೇಲೆ ಗಾಯವಿರಲಿಲ್ಲ. ಬಲಗೈ ಹತ್ತಿರ ವಿನೆಗರ್ ತುಂಬುವ ಎರಡು ಡಬ್ಬಿಗಳಿದ್ದವು, ಒಂದು ಖಾಲಿ, ಇನ್ನೊಂದು ಅರ್ಧ. ಸುತ್ತಲಿನ ಮಂಜೂ ಹುಳಿ ನಾರುತ್ತಿತ್ತು. ಅಂಗಿಯ ಗುಂಡಿ ಬಿಚ್ಚಿದಾಗ ಎದೆಗೆ ಒತ್ತಿಕೊಂಡಂತೆ ಒಂದು ಉಪ್ಪಿನ ಚೀಲ ಸಿಕ್ಕಿತು. ಖಾಲಿ ಚೀಲ, ನಾಲ್ಕು ಮಡಿಕೆ ಮಾಡಿದ್ದು.

"ಚಳಿಗೆ ಇಟ್ಟುಕೊಂಡಿದ್ದನೇನೋ ಸಾರ್," ಎಂದ ದಫೇದಾರ. ಇನ್‌ಸ್ಪೆಕ್ಟರು ಅದನ್ನೂ ಬರೆಸಿದರು.

ಮೇವಿನ ತೊಟ್ಟಿ ಇಳಿಜಾರಿನ ಕೆಳಗಿತ್ತು. ಒಣಹುಲ್ಲಿನಲ್ಲಿ ಕಸುವಿರುವುದಿಲ್ಲವಾದ್ದರಿಂದ ಮೇಯುವ ದನಗಳಿಗೆ ಅದರಲ್ಲಿ ವಾರಕ್ಕಾಗುವಷ್ಟು ಪೂರಕ ಮೇವು ಕಲಸಿ ಇಡುತ್ತಿದ್ದರು: ಜೋಳದ ನುಚ್ಚು, ಹಿಂಡಿ, ಕಾಕಂಬಿ, ಒಂದಿಷ್ಟು ಯೂರಿಯಾ, ಉಪ್ಪು. ದಫೇದಾರ ಮೇಲಿನಿಂದೊಂದು, ತಳದಿಂದೊಂದು ಮಾದರಿ ತೆಗೆದ. ಕಾಫಿಯನ್ನೂ ತಳ ಕದಡದೆ ಬಾಯಿಗಿಡದ ಮನುಷ್ಯ ಅವನು. ತೊಟ್ಟಿಗೆ ಟಾರ್ಪಾಲು ಹೊದಿಸಿ ಮೊಹರು ಮಾಡಿದರು.

ನೆರೆಯವನನ್ನು ಅವನ ಕೊಟ್ಟಿಗೆಯಲ್ಲೇ ವಿಚಾರಿಸಲಾಯಿತು.

"ಯಜಮಾನರಿಗೂ ನಿನಗೂ ಆಗಿಬರಲ್ವಂತೆ."

"ಆಗಿಬರಲ್ಲ, ನಿಜ."

"ರಾತ್ರಿ ಬೇಲಿ ದಾಟಿದ್ಯಾ?"

"ದಾಟಿಲ್ಲ. ಬೇಲಿ ಮೇಲಿಂದ ನೀರು ಕೊಟ್ಟಿದ್ದೀನಿ. ಶನಿವಾರ ಅವರ ದನ ನೀರು ಕುಡಿಯೋ ಬಾನಿ ಪೈಪು ಒಡೆದುಹೋಯ್ತು. ಇವತ್ತು ಮಾಡಿಸ್ತೀನಿ, ನಾಳೆ ಮಾಡಿಸ್ತೀನಿ ಅಂತ ಯಜಮಾನರು ಕೂತರು. ದಿನಕ್ಕೊಂದು ಟ್ಯಾಂಕರ್ ನೀರು ಯಾವ ಮೂಲೆಗೆ? ದನ ಒಣಬಾನಿ ನೆಕ್ಕೋದು ನೋಡಕ್ಕಾಗದೆ ಬಕೆಟ್ಟಲ್ಲಿ ಕೊಟ್ಟೆ. ನೀರು ಕೊಟ್ಟೋನು ವಿಷಾನೂ ಕೊಡ್ತಾನಾ, ನೀವೇ ಹೇಳಿ."

ಅಜ್ಜನ ಮಾತು ಬಂದಾಗ ಅವನ ಮುಖ ಸಡಿಲವಾಯಿತು. ಡಾಕ್ಟರು ಹೃದಯದ ಕಾಯಿಲೆಗೆ ಉಪ್ಪು ಬಿಡಿಸಿದ ಮೇಲೆ ಅಜ್ಜ ದಿನವೂ ಬೇಲಿಯ ಬಳಿ ಬಂದು, ನನ್ನ ಹೆಂಡತಿ ನನಗೆ ಹುಲ್ಲು ಬೇಯಿಸಿ ಹಾಕ್ತಾಳೆ, ದನಗಳಿಗೆ ನನಗಿಂತ ರುಚಿಯ ಊಟ ಎಂದು ಗೊಣಗುತ್ತಿದ್ದನಂತೆ. ಆದರೂ ತಾಟಿನಲ್ಲಿ ಒಂದಗುಳೂ ಬಿಡುತ್ತಿರಲಿಲ್ಲವಂತೆ.

ಅಜ್ಜನ ಹೆಂಡತಿ ಕಾವಲಿನ ಅಂಚಿನ ಎರಡು ಕೋಣೆಯ ಮನೆಯಲ್ಲಿದ್ದಳು. ಮೇವು ಕಲಸುವುದು ಅವಳ ಕೆಲಸ. ನೆಂಟರ ಹೆಂಗಸರು ಸುತ್ತ ಕೂತಿದ್ದರು; ಅವಳು ಅಳುತ್ತಿರಲಿಲ್ಲ, ಗೋಡೆಯ ಗೂಟಕ್ಕೆ ತೂಗುಹಾಕಿದ್ದ ಅವನ ಟವೆಲನ್ನೇ ನೋಡುತ್ತಿದ್ದಳು. ಸೋಮವಾರ ಸಂಜೆ ಹೊಸ ಮೇವು ಕಲಸಿದೆ, ಯಾವತ್ತೂ ಕಲಸಿದ ಹಾಗೇ ಕಲಸಿದೆ ಎಂದು ಹೇಳಿಕೆ ಕೊಟ್ಟಳು. ಬೆಳಗಿನ ಜಾವ ಹಾಲು ಕರೆಯುವ ಹಸುಗಳ ಕೊಟ್ಟಿಗೆಯಲ್ಲಿದ್ದೆ, ಅವರು ಯಾವಾಗ ಮನೆಗೆ ಬಂದರೋ ಹೋದರೋ ಕಾಣೆ ಎಂದಳು.

ಮರುದಿನ ಮರಣೋತ್ತರ ಪರೀಕ್ಷೆಯ ವರದಿ ಬಂತು. ಅಜ್ಜ ಸತ್ತದ್ದು ಹೃದಯಾಘಾತದಿಂದ, ಮೈಯಲ್ಲಿ ವಿಷವಿಲ್ಲ. ಶುಕ್ರವಾರ ಪ್ರಯೋಗಾಲಯದ ವರದಿ ಹಿಡಿದು ಪಶುವೈದ್ಯೆ ಠಾಣೆಗೆ ಬಂದರು. ಯೂರಿಯಾ ಹೆಚ್ಚಾಗಿ ಹೊಟ್ಟೆ ಸೇರಿ ಹಸುಗಳು ಸತ್ತಿದ್ದವು. ಆದರೆ ಮೇವಿನಲ್ಲಿ ಯೂರಿಯಾ ಹಾಕಬೇಕಾದಷ್ಟೇ ಇತ್ತು.

"ಮತ್ತೆ ಸತ್ತಿದ್ದು ಹೇಗೆ?" ಎಂದರು ಇನ್‌ಸ್ಪೆಕ್ಟರು.

"ಉಪ್ಪು ಇರಲಿಲ್ಲ. ಉಪ್ಪು ಹಾಕೋದು ರುಚಿಗಲ್ಲ ಸಾರ್, ಬಾಯಿ ಕಟ್ಟೋದಕ್ಕೆ. ದನಕ್ಕೆ ಉಪ್ಪು ಇಷ್ಟಾನೇ, ಆದ್ರೆ ನಾಲ್ಕು ಸಲ ನೆಕ್ಕಿದ್ರೆ ಸಾಕಾಗುತ್ತೆ, ಹುಲ್ಲಿಗೆ ಹೋಗುತ್ತೆ. ಉಪ್ಪು ಇಲ್ದಿದ್ರೆ ವಾರದ್ದನ್ನ ಒಂದೇ ರಾತ್ರಿ ತಿನ್ನುತ್ತೆ."

ಅಲ್ಲಿಗೂ ಒಂದು ಗಂಟು ಉಳಿಯಿತು. ಉಪ್ಪಿಲ್ಲದ್ದು ತಳದ ಮಾದರಿಯಲ್ಲಿ. ಮೇಲಿನದರಲ್ಲಿ ಬರೀ ಉಪ್ಪೇ ಉಪ್ಪು, ಯಾರೋ ಚೀಲವನ್ನೇ ಬೋರಲು ಹಾಕಿದಂತೆ. ಆ ಪದರವೇ ಉಳಿದ ಹಸುಗಳನ್ನು ತಡೆದು ಬದುಕಿಸಿತು ಎಂದರು ವೈದ್ಯೆ. ವಿನೆಗರ್ ವಿಷವಲ್ಲ, ಯೂರಿಯಾ ಏರಿದ ದನಕ್ಕೆ ಕುಡಿಸುವ ಮದ್ದು ಎಂಬುದನ್ನೂ ಅವರೇ ಹೇಳಿದರು.

ಇನ್‌ಸ್ಪೆಕ್ಟರು ಪಂಚನಾಮೆಯ ಹಾಳೆ ತೆಗೆದು ಖಾಲಿ ಚೀಲದ ಸಾಲನ್ನು ಮತ್ತೊಮ್ಮೆ ಓದಿದರು. ಅಜ್ಜನ ಕೊನೆಯ ಗಳಿಗೆ ಕಣ್ಣೆದುರು ತೇಲಿ ಬಂತು. ನಡುಗುವ ಹಸುಗಳನ್ನು ಕಾಣುತ್ತಾನೆ, ತೊಟ್ಟಿಗೆ ಬೆರಳದ್ದಿ ನಾಲಿಗೆಗಿಡುತ್ತಾನೆ, ಸಪ್ಪೆ. ಆ ಸಪ್ಪೆಯನ್ನು ಅವನಷ್ಟು ಬಲ್ಲವರು ಇನ್ನಾರು?

ಅಂದು ಸಂಜೆ ಐದೂವರೆಗೆ ಅವರು ದಫೇದಾರನೊಂದಿಗೆ ಮತ್ತೆ ಕಾವಲಿಗೆ ಹೋದರು. ಮಂಜು ಆಗಲೇ ಇಳಿಯತೊಡಗಿತ್ತು. ಹಸುಗಳು ಬೇಲಿಯ ಬಳಿ ಇರಲಿಲ್ಲ. ಹುಡುಕುತ್ತ ಹೋದರೆ ಅಜ್ಜನ ಮನೆಯ ಹಿಂದೆ ಸಾಲಾಗಿ ನಿಂತಿದ್ದವು, ತಲೆ ತಗ್ಗಿಸಿ, ಸದ್ದಿಲ್ಲದೆ. ಕನಸಿನಲ್ಲಿ ಕಾಣುವ ಹಸುಗಳು ಹಾಗೆ ನಿಲ್ಲುತ್ತವೆ. ಗೋಡೆಯ ಬುಡದಲ್ಲಿ ಚಾಪೆಯಗಲದಷ್ಟು ಹುಲ್ಲು ಸುಟ್ಟಂತಾಗಿತ್ತು, ಅವು ಆ ಬರಿನೆಲವನ್ನು ನೆಕ್ಕುತ್ತಿದ್ದವು. ತೊಟ್ಟಿಗೆ ಮೊಹರು ಬಿದ್ದಂದಿನಿಂದ ಅವಕ್ಕೆ ಉಪ್ಪು ಸಿಕ್ಕಿರಲಿಲ್ಲ.

ಇನ್‌ಸ್ಪೆಕ್ಟರು ಕುಕ್ಕರುಗಾಲಲ್ಲಿ ಕೂತು, ಮಣ್ಣಿನ ಮೇಲೆ ಬೆರಳಾಡಿಸಿ ನಾಲಿಗೆಗೆ ತಾಗಿಸಿದರು. ತಲೆಯೆತ್ತಿದಾಗ ಹಿಂಬಾಗಿಲಲ್ಲಿ ಅಜ್ಜನ ಹೆಂಡತಿ ನಿಂತಿದ್ದಳು.

"ಎಷ್ಟು ಅಟ್ಟಿದ್ರೂ ಹೋಗ್ತಿಲ್ಲ ಸಾಮಿ," ಎಂದಳು. "ನನ್ನ ಬಿಟ್ಟು ಹೋಗ್ತಿಲ್ಲ."

ಅಲ್ಲೇ ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಸೋಮವಾರ ದನಗಳ ನಾಲಿಗೆ ಒಣಗಿ ಬಿರುಕು ಬಿಟ್ಟಿದ್ದನ್ನು ನೋಡಿದ್ದಳು. ನೀರಿಲ್ಲದ ಬಾಯಿಗೆ ಉಪ್ಪು ಹೇಗೆ ಹಾಕುವುದೆಂದು ಕೈ ಬರಲಿಲ್ಲ. ಗಂಡನಿಗೆ ಉಪ್ಪು ಬಿಡಿಸಿದ ಮೇಲೆ ಉಸಿರು ಹಗುರಾಗಿತ್ತು, ಕಾಲಿನ ಬಾವು ಇಳಿದಿತ್ತು. ಉಪ್ಪು ಬಿಟ್ಟರೆ ಯಾರಿಗೂ ಕೇಡಿಲ್ಲ ಎಂದುಕೊಂಡಳು. ಯಜಮಾನ ಲೆಕ್ಕಕ್ಕೆ ಖಾಲಿ ಚೀಲ ಕೇಳುತ್ತಾನೆಂದು, ಮೇವಿಗೆ ಹಾಕಬೇಕಿದ್ದ ಎರಡು ಚೀಲ ಉಪ್ಪಿನಲ್ಲಿ ಒಂದನ್ನು ಗೋಡೆಯ ಬುಡಕ್ಕೆ ಸುರಿದಳು, ಇನ್ನೊಂದನ್ನು ತುಂಬಿದ ಹಾಗೇ ಮಂಚದ ಕೆಳಗೆ ತಳ್ಳಿದಳು. ಗಂಡನಿಗೂ ಹೇಳಲಿಲ್ಲ. ಮಂಗಳವಾರ ಸುದ್ದಿ ತಿಳಿದು ಮನೆಗೆ ಓಡಿಬಂದಾಗ ಮಂಚದ ಕೆಳಗೆ ಚೀಲ ಇರಲಿಲ್ಲ.

ವೈದ್ಯೆ ಆಮೇಲೆ, ಆ ತಾಯಿಯ ಭಯ ಸುಳ್ಳಲ್ಲ, ನೀರಿಲ್ಲದೆ ಅಷ್ಟು ಉಪ್ಪು ತಿಂದಿದ್ದರೂ ದನ ಉಳಿಯುತ್ತಿರಲಿಲ್ಲ, ನೀರು ಬರುವವರೆಗೆ ತೊಟ್ಟಿಯನ್ನೇ ತುಂಬಬಾರದಿತ್ತು ಎಂದು ಬರೆದುಕೊಟ್ಟರು. ಅದನ್ನಿಟ್ಟುಕೊಂಡು ಇನ್‌ಸ್ಪೆಕ್ಟರು ಪೈಪು ರಿಪೇರಿ ಮಾಡಿಸದ ಯಜಮಾನನನ್ನೂ ಆರೋಪಿ ಎಂದು ಸೇರಿಸಿದರು. ಆದರೆ ಕಾನೂನಿಗೆ ಕನಿಕರದ ಕಲಮು ಇಲ್ಲ. ನಿರ್ಲಕ್ಷ್ಯ ಮತ್ತು ಸುಳ್ಳು ಹೇಳಿಕೆಯ ಮೇಲೆ ಅದೇ ಸಂಜೆ ಆರೂ ಹತ್ತಕ್ಕೆ ಅವಳ ಬಂಧನವಾಯಿತು. ಠಾಣೆಯಲ್ಲೇ ಜಾಮೀನು ಸಿಗುತ್ತದೆಂದು ದಫೇದಾರ ಎರಡೆರಡು ಸಲ ಹೇಳಿದ. ಅವಳ ಮನಸ್ಸು ಅತ್ತ ಇರಲಿಲ್ಲ.

ಠಾಣೆಯಲ್ಲಿ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವಳು ಒಂದೇ ಒಂದು ಮಾತು ಕೇಳಿದಳು.

"ಅವರಿಗೆ ಗೊತ್ತಾಗಿತ್ತಾ, ಇದು ನನ್ನ ಕೈಕೆಲಸ ಅಂತ? ನನ್ನ ಮೇಲೆ ಸಿಟ್ಟಲ್ಲೇ ಹೋದ್ರಾ?"

"ಗೊತ್ತಾಗಿತ್ತು ತಾಯಿ," ಎಂದರು ಇನ್‌ಸ್ಪೆಕ್ಟರು. "ಉಪ್ಪು ತಂದು ತೊಟ್ಟಿಗೆ ಸುರಿದರು. ಆಮೇಲೆ ವಿನೆಗರ್ ತಗೊಂಡು ಬಿದ್ದ ಹಸುಗಳ ಕಡೆ ಓಡಿದರು."

"ದನ ಉಳಿಸಕ್ಕೆ ಸುರಿದ್ರು. ಅವರ ಜೀವ ಅದರಲ್ಲೇ ಇತ್ತು."

"ಉಪ್ಪು ದನಕ್ಕೆ. ದನ ಉಳಿಸೋ ಆತುರದಲ್ಲಿ ಇರೋನು ಖಾಲಿ ಚೀಲ ಎಸೆದು ಓಡ್ತಾನೆ. ಇವರು ನಿಂತು ಅದನ್ನ ನಾಲ್ಕು ಮಡಿಕೆ ಮಾಡಿ, ಅಂಗಿ ಒಳಗೆ ಇಟ್ಟು, ಗುಂಡಿ ಹಾಕಿಕೊಂಡಿದ್ದಾರೆ. ಆ ಚೀಲ ಯಾರ ಕಣ್ಣಿಗೂ ಬೀಳಬಾರದು ಅಂತ. ಅದು ನಿಮಗೆ."

ಅವಳು ಆಗ ಅತ್ತಳು. ನಾಲ್ಕು ದಿನದಿಂದ ಬಾರದ ಅಳು ಮೆಲ್ಲಗೆ ಬಂತು. ದಫೇದಾರ ಬಾಗಿಲ ಕಡೆ ತಿರುಗಿ ನಿಂತ. ಜಾಮೀನಿಗೆ ಸಹಿ ಹಾಕಲು ಬಂದಿದ್ದ ಬೇಲಿಯಾಚೆಯ ನೆರೆಯವನು ಒಂದು ಲೋಟ ನೀರು ತಂದು ಅವಳ ಮುಂದಿಟ್ಟ.

ಇನ್‌ಸ್ಪೆಕ್ಟರು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರು. ಮಂಜಿನೊಳಗೆ ದಾರಿಯಾಗಲಿ ದೀಪವಾಗಲಿ ಕಾಣುತ್ತಿರಲಿಲ್ಲ. ಕಾವಲಿನ ಹಸುಗಳು ಈಗಲೂ ಕಿವಿ ನಿಮಿರಿಸಿ ನಿಂತಿರಬಹುದು ಎನಿಸಿತು. ಅವರು ಕೈ ಜೋಡಿಸಿ ಕಣ್ಣು ಮುಚ್ಚಿದರು.

ದೇವರೇ, ಓಡಿ ಓಡಿ ದಣಿದ ಜೀವ ಅದು. ನಿನ್ನ ಹಸಿರಿನಲ್ಲಿ ಅದಕ್ಕೆ ನೆರಳು ಕೊಡು, ತುಂಬಿದ ಬಾನಿಯ ಪಕ್ಕ ಕೂರಿಸು. ಅವನ ಒಂಬತ್ತು ಹಸುಗಳನ್ನು ಅವನ ಸೀಟಿ ಕೇಳುವಷ್ಟು ದೂರದಲ್ಲೇ ಮೇಯಲು ಬಿಡು. ಅವನ ಆತ್ಮಕ್ಕೆ ಶಾಂತಿಯಿರಲಿ.