ಕುಡಿತ ಬಿಡಿಸುವ ದೀಕ್ಷೆ

ಹಂದಿಗೆ ಹನ್ನೆರಡು ಸಾವಿರ ಥಾಯ್ ಬಾತ್, ಶಾಮಿಯಾನಕ್ಕೆ ಆರು ಸಾವಿರ, ಹಾಡು ಮೊಳಗಿಸುವ ಲಾರಿಗೆ ಹದಿನೈದು ಸಾವಿರ, ಬಿಯರು ಮತ್ತು ಅಕ್ಕಿ ಸಾರಾಯಿಗೆ ಇಪ್ಪತ್ತೆರಡು ಸಾವಿರ. ಕಾವಿ ಬಟ್ಟೆಗೂ ಭಿಕ್ಷಾಪಾತ್ರೆಗೂ ಸೇರಿ ಎರಡೂವರೆ ಸಾವಿರ. ಮಗನ ಕುಡಿತ ಬಿಡಿಸಲೆಂದು ಅವನಿಗೆ ಭಿಕ್ಷು ದೀಕ್ಷೆ ಕೊಡಿಸಹೊರಟ ಮುದುಕಿ ಬುವಾಲೈ ಮಾಡಿದ ಖರ್ಚು ಇದು! ಕುಡಿತ ಬಿಡಿಸುವ ಸಮಾರಂಭದಲ್ಲಿ ಕುಡಿತಕ್ಕೇ ದೊಡ್ಡ ಪಾಲು. ಬೆಳಗಿನ ಹೊತ್ತಿಗಾಗಲೇ ಊರ ಗಂಡಸರು ಅರ್ಧಕ್ಕರ್ಧ ತೂರಾಡುತ್ತಿದ್ದರು. ಅಂಟು ಅಕ್ಕಿಯನ್ನು ಹಬೆಗಿಟ್ಟು ಬಂದ ಸೊಸೆ ಲಮೈ ಆ ಪುಣ್ಯಾತ್ಮರನ್ನು ಒಮ್ಮೆ ನೋಡಿ, ಸಾರಾಯಿಯಲ್ಲಿ ಬಿದ್ದ ನೊಣಗಳೇ ವಾಸಿ ಎಂದುಕೊಂಡಳು.

ತಲೆ, ಹುಬ್ಬು ಬೋಳಿಸಿಕೊಂಡು ಬಿಳಿ ಬಟ್ಟೆಯುಟ್ಟು ಕುಳಿತಿದ್ದ ಗಂಡ ಖಮ್‌ಪನ್‌ನ ಕೈಗಳು ತರಗೆಲೆಯಂತೆ ನಡುಗುತ್ತಿದ್ದವು.

"ಅತ್ತೆ, ನಿನ್ನೆಯಿಂದ ಇವರಿಗೆ ಒಂದು ಗುಟುಕೂ ಇಲ್ಲ. ಇಷ್ಟು ಕುಡಿಯೋರು ಏಕಾಏಕಿ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ ಅಂತ ಆರೋಗ್ಯ ಕೇಂದ್ರದ ನರ್ಸಮ್ಮ ಹೇಳಿದ್ರು. ಜಿಲ್ಲಾಸ್ಪತ್ರೇಲಿ ಇದಕ್ಕೇ ಅಂತ ವಾರ್ಡ್ ಇದೆಯಂತೆ…"

"ಬಾಯ್ಮುಚ್ಚೇ! ನನ್ನ ಮಗ ಏನು ಕುಡುಕನಾ? ನಿನ್ನ ಮುಸುಡಿ ನೋಡಲಾರದೆ ಕುಡೀತಾನೆ! ಇವತ್ತು ಅವನು ಕಾವಿ ಹೊದೀಲಿ, ಅದರ ಸೆರಗು ಹಿಡ್ಕೊಂಡು ನಾನು ಸ್ವರ್ಗಕ್ಕೆ ಹೋಗ್ತೀನಿ."

"ಹೋಗಿ ಅತ್ತೆ, ನಾನೇನು ಅಡ್ಡ ನಿಂತಿದೀನಾ? ಕಾವಿಯೊಳಗೆ ಮನುಷ್ಯ ಜೀವಂತ ಇದಾನಾ ಅಂತ ಮಾತ್ರ ನೋಡ್ಕೊಳ್ಳಿ."

ಗಂಡನ ಸೋದರಮಾವ ಫಾವ್ ಗ್ಲಾಸು ಹಿಡಿದು ನಕ್ಕ. "ನಡುಗ್ಲಿ ಬಿಡಮ್ಮ! ಪುಣ್ಯ ಮೈಮೇಲೆ ಬರೋದೇ ಹಾಗೆ!"

"ಹಾಗಾದ್ರೆ ನಿಮ್ಮ ಮೈಮೇಲೆ ದಿನಾ ಸಂಜೆ ಬರುತ್ತೆ ಮಾವ," ಎಂದಳು ಲಮೈ.

ಅವಳು ಗಂಡನ ಶಾಲು ಸರಿಪಡಿಸಲು ಬಗ್ಗಿದಾಗ ಖಮ್‌ಪನ್ ಪಿಸುಗುಟ್ಟಿದ: "ಗೋಡೆ ತುಂಬಾ ಇರುವೆ ಹರೀತಿದೆ ಅಲ್ವಾ ಲಮೈ?"

ಗೋಡೆಯ ಮೇಲೆ ಏನೂ ಇರಲಿಲ್ಲ.

"ಇಲ್ಲ ಕಣ್ರೀ… ಒಂದೂ ಇಲ್ಲ."

"ಅಮ್ಮಂಗೆ ಹೇಳ್ಬೇಡ…"

"ನಾನು ಹೇಳಿದ್ರೆ ಈ ಮನೇಲಿ ಯಾರು ಕೇಳ್ತಾರೆ? ನೀವೇ ಬಾಯಿಬಿಡ್ಬೇಕು. ಇಲ್ದಿದ್ರೆ ನಿಮ್ಮನ್ನ ಉಳಿಸಿಕೊಳ್ಳೋಕೆ ನನ್ನ ಕೈಲಾಗಲ್ಲ!"

ಮೆರವಣಿಗೆ ಬೌದ್ಧ ವಿಹಾರವನ್ನು ಮೂರು ಸುತ್ತು ಹಾಕಿತು. ಖಮ್‌ಪನ್‌ನನ್ನು ಹೆಗಲ ಮೇಲೆ ಹೊತ್ತವರೇ ಎಡವುತ್ತಿದ್ದರು, ಮೇಲಿದ್ದವನು ಬೆವರಿನಲ್ಲಿ ತೊಯ್ದಿದ್ದ. ಒಳಗೆ ಹಿರಿಯ ಭಿಕ್ಷು ಪದ್ಧತಿಯಂತೆ ಒಂದೊಂದೇ ರೋಗದ ಹೆಸರು ಹೇಳಿ ಕೇಳತೊಡಗಿದರು. ಪ್ರತಿಯೊಂದಕ್ಕೂ "ಇಲ್ಲ" ಎಂದರೆ ಮಾತ್ರ ದೀಕ್ಷೆ. ಬುವಾಲೈ ಇದನ್ನು ಮಗನಿಗೆ ಗಿಣಿಪಾಠ ಮಾಡಿಸಿದ್ದಳು. ಕುಷ್ಠ? ಇಲ್ಲ. ಹುಣ್ಣು? ಇಲ್ಲ. ತೊನ್ನು? ಇಲ್ಲ. ಕ್ಷಯ? ಇಲ್ಲ. ಅಪಸ್ಮಾರ?

ಖಮ್‌ಪನ್ ತಲೆ ತಗ್ಗಿಸಿದ.

"ನಂಗೆ ಕಾಯಿಲೆ ಇದೆ ಸ್ವಾಮಿ… ಕುಡೀದೆ ಇರೋಕಾಗಲ್ಲ, ಕುಡಿದ್ರೂ ಬದುಕೋಕಾಗಲ್ಲ. ಇಲ್ಲದ್ದೆಲ್ಲ ಕಾಣ್ತಿದೆ… ಭಯ ಆಗ್ತಿದೆ!"

"ಬಾಯ್ತಪ್ಪಿದಾನೆ ಸ್ವಾಮಿ! ಇನ್ನೊಂದ್ಸಲ ಕೇಳಿ!" ಮುದುಕಿ ಚೀರಿದಳು.

"ಬಾಯಿ ಇವತ್ತೇ ಸರಿಯಾಗಿದೆ ತಾಯಿ," ಎಂದರು ಹಿರಿಯ ಭಿಕ್ಷು. "ದೀಕ್ಷೆ ಎಲ್ಲಿಗೂ ಓಡಿಹೋಗಲ್ಲ. ಮೊದಲು ಆಸ್ಪತ್ರೆಗೆ ಕರ್ಕೊಂಡು ಹೋಗಿ."

ಕರೆದೊಯ್ಯುವವರು ಯಾರು? ಅಷ್ಟು ನಂಟರಲ್ಲಿ ಗಾಡಿ ಓಡಿಸುವಷ್ಟು ನೆಟ್ಟಗಿದ್ದವನು ಒಬ್ಬನೂ ಇರಲಿಲ್ಲ! ಲಮೈ ತಾನುಟ್ಟ ರೇಷ್ಮೆ ಲುಂಗಿಯನ್ನು ಮೇಲೆ ಸಿಕ್ಕಿಸಿ, ಪಕ್ಕಕ್ಕೆ ತಳ್ಳುಗಾಡಿ ಜೋಡಿಸಿದ್ದ ಮೋಟಾರು ಬೈಕು ಏರಿದಳು. ಗಂಡನನ್ನು ತಳ್ಳುಗಾಡಿಯಲ್ಲಿ ಕೂರಿಸಿದಳು.

"ಊರ ಮುಂದೆ ನನ್ನ ಮಾನ ಕಳೆದ್ಯಲ್ಲೇ ಹಾಳಾದವಳೇ! ಇನ್ಮೇಲೆ ನನ್ನ ಹೊಸಲು ತುಳಿದ್ರೆ ನೋಡು!"

"ಮಾನ ಅಗೋ ಅಲ್ಲಿ ಲಾರಿ ಮುಂದೆ ಕುಣೀತಿದೆ ಅತ್ತೆ. ಬಿದ್ದೀತು, ಹಿಡ್ಕೊಳ್ಳಿ!"

ಸಂಜೆಯ ಹೊತ್ತಿಗೆ ಅವನಿಗೆ ಫಿಟ್ಸ್ ಬಂತು. ಬಂದದ್ದು ಆಸ್ಪತ್ರೆಯ ಮಂಚದ ಮೇಲೆ, ವೈದ್ಯರ ಕಣ್ಣೆದುರು. ಅದಕ್ಕೇ ಜೀವ ಉಳಿಯಿತು. ವಾರ್ಡಿನಿಂದ ಹೊರಬಂದ ಮೇಲೆ ಗಂಡಹೆಂಡಿರಿಬ್ಬರೂ ಅಲ್ಲಿ ನಡೆಯುವ, ಕುಡಿತ ಬಿಡುವವರ ಸಭೆಗಳಿಗೆ ಹೋಗತೊಡಗಿದರು. ಕುಡಿಯುವವನೊಬ್ಬನೇ ಅಲ್ಲ, ಅವನೊಡನೆ ಬಾಳುವವಳೂ ಬಾಯಿಬಿಡಬಹುದಾದ ಜಾಗವೊಂದಿದೆಯೆಂದು ಲಮೈಗೆ ತಿಳಿದದ್ದು ಆಗಲೇ. ನಡುವೆ ಅವನು ಒಮ್ಮೆ ಜಾರಿ ಕುಡಿದ. ಮರುದಿನ ತಾನಾಗಿಯೇ ನರ್ಸಮ್ಮನ ಬಳಿ ಹೋದ.

ಬುವಾಲೈ ಅವರನ್ನು ಮತ್ತೆ ಮನೆಗೆ ಸೇರಿಸಲಿಲ್ಲ. ಲಮೈ ಪಾಲಿಗೆ ಅತ್ತೆಯ ಮನೆ ಹೋಯಿತು, ನಂಟರ ಬಾಯಿಮಾತೂ ಹೋಯಿತು. ಗಂಡ ಉಳಿದ.