ಮೆಲುದನಿಯ ಪಿ.ಟಿ. ಮಿಸ್

"ಥಮ್" ಎಂಬ ಒಂದೇ ಒಂದು ಮಾತು ಅಕ್ಷತಾಳ ಗಂಟಲಿನಿಂದ ಹೊರಗೆ ಬರಲಿಲ್ಲ.

ತೊಂಬತ್ತೇಳನೇ ಇಸವಿಯ ಜುಲೈ ತಿಂಗಳು. ಮೈಸೂರಿನ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಅದು ಅವಳ ಮೊದಲ ಅಭ್ಯಾಸ ಪಾಠ. ಜೊತೆಯಲ್ಲಿ ಓದುವವರೇ ಅಂದು ಆರನೇ ಕ್ಲಾಸಿನ ಮಕ್ಕಳು. ಮೀಸೆ ಬಂದ ಮಕ್ಕಳು, ಮದುವೆಯಾದ ಮಕ್ಕಳು. ಅವಳು "ಆಗೇ ಬಡ್" ಎಂದಿದ್ದಳು, ಸಾಲು ಹೊರಟಿತ್ತು. ಈಗ "ಥಮ್" ಎಂದು ನಿಲ್ಲಿಸಬೇಕು. ಬಾಯಿ ತೆರೆದಳು. ಉಸಿರು ಬಂತು, ಧ್ವನಿ ಬರಲಿಲ್ಲ.

ಸಾಲು ಕಾಂಪೌಂಡಿನ ಗೋಡೆಯವರೆಗೂ ನಡೆದು ತಾನಾಗಿಯೇ ನಿಂತಿತು. ನಗು ಶುರುವಾಯಿತು. ಆದರೆ ಸಾಲಿನ ಮುಂದಿದ್ದ ಎತ್ತರದ ಹುಡುಗ ಮಾತ್ರ ನಿಲ್ಲಲಿಲ್ಲ. ತೆರೆದ ಗೇಟಿನಿಂದ ಆಚೆ ನಡೆದ. ಕೈ ಬೀಸಿಕೊಂಡು, ನೇರ ನೋಟದಲ್ಲಿ, ಎಳನೀರಿನ ಗಾಡಿ ದಾಟಿ, ಸಿಟಿ ಬಸ್ಸೊಂದನ್ನು ಕಾಯಿಸಿ, ತಿರುವಿನಲ್ಲಿ ಮರೆಯಾದ.

"ಲೋ ಅಮರೇಶ, ಎಲ್ಲಿಗೋ? ಬಾರೋ!"

ಇಡೀ ಮೈದಾನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೊನೆಗೆ ಮಾರ್ಕ್ಸ್ ಹಾಕಲು ನಿಂತಿದ್ದ ಅನಂತಪದ್ಮನಾಭ ಸರ್ ಒಬ್ಬನನ್ನು ಸೈಕಲ್ ಮೇಲೆ ಕಳಿಸಿ ಅವನನ್ನು ಹಿಡಿದು ತರಿಸಬೇಕಾಯಿತು.

ಅಕ್ಷತಾ ಆ ಸಂಜೆ ಯಾರ ಮುಖವನ್ನೂ ನೋಡದೆ ಮನೆಗೆ ಹೋದಳು.

ಮಾರನೆಯ ಬೆಳಿಗ್ಗೆ ಅವಳು ಟ್ರ್ಯಾಕಿಗೆ ಸುಣ್ಣದ ಗೆರೆ ಎಳೆಯುತ್ತಿದ್ದಾಗ ಅಮರೇಶ ಇನ್ನೊಂದು ಬಕೆಟ್ ಹಿಡಿದುಕೊಂಡು ಬಂದ.

"ನಿನ್ನೆ ಬೇಜಾರಾಯ್ತೇನ್ರೀ?"

ಕೇಳಿದ್ದು ಅವಳನ್ನು. ಕೇಳಿಸಿದ್ದು ವಾಲಿಬಾಲ್ ಕೋರ್ಟಿನವರೆಗೆ. ಅವನ ಧ್ವನಿ ಹಾಗೆಯೇ. ಗಂಟಲಲ್ಲಿ ನಗಾರಿ ಇಟ್ಟುಕೊಂಡವನ ಹಾಗೆ.

"ಬೇಜಾರಾ? ಇಲ್ಲಪ್ಪ. ಇಡೀ ಕಾಲೇಜಿಗೆ ಪುಕ್ಕಟೆ ನಾಟಕ ತೋರಿಸಿದ್ರಿ. ಸಂತೋಷ" ಎಂದು ಅವಳು ಗೆರೆಯನ್ನು ಅವನ ಬೂಟಿನ ಮೇಲೆಯೇ ಎಳೆದುಕೊಂಡು ಮುಂದೆ ಹೋದಳು.

ಅವನು ಬೂಟು ಕೊಡವಿಕೊಳ್ಳಲಿಲ್ಲ. ಬಿಳಿ ಗೆರೆ ಇದ್ದ ಹಾಗೆಯೇ ಇಡೀ ದಿನ ಓಡಾಡಿದ.

ಗೆಳತಿ ಅನು ಮಧ್ಯಾಹ್ನ ಊಟದ ಡಬ್ಬಿ ಮುಂದೆ ಅಕ್ಷತಾಳ ತಲೆಗೆ ಮೊಟಕಿದಳು.

"ಲೇ ಪೆದ್ದಿ, ಸರ್ ರೂಲ್ ಮರ್ತೋಯ್ತಾ? ಮಕ್ಳು ಹೇಳಿಸ್ಕೊಳ್ದೆ ತಾವಾಗೇ ನಿಂತ್ಬುಟ್ರೆ ಟೀಚರ್‌ಗೆ ಜೀರೋ. ಒಬ್ಬನಾದ್ರೂ ನಡೀತಿದ್ರೆ ಪಾಠ ಇನ್ನೂ ಮುಗಿದಿಲ್ಲ ಅಂತ. ನಿಂಗೆ ನಿನ್ನೆ ಜೀರೋ ಬಂತಾ?"

"ಇಲ್ಲ..."

"ಯಾಕೆ ಬರ್ಲಿಲ್ಲ? ಅವ್ನು ನಿನ್ನ ಮಾರ್ಕ್ಸ್ ಹೊತ್ಕೊಂಡು ರೋಡಲ್ಲಿ ನಡೀತಿದ್ದ ಕಣೇ!"

ಅಕ್ಷತಾ ಚಪಾತಿಯ ತುಂಡನ್ನು ಡಬ್ಬಿಗೆ ವಾಪಸ್ ಇಟ್ಟಳು. ಸಂಜೆ ಅವನು ಜಾವೆಲಿನ್‌ಗಳನ್ನು ಒರೆಸಿ ಜೋಡಿಸುತ್ತಿದ್ದಲ್ಲಿಗೆ ಹೋಗಿ ನಿಂತಳು.

"ಎಲ್ಲಿವರೆಗೂ ಹೋಗಿದ್ರಿ?"

"ಕುಕ್ಕರಹಳ್ಳಿ ಕೆರೆ ಹತ್ರ ಹಿಡಿದ್ಬುಟ್ರು."

"ಯಾರೂ ಹಿಡೀದೇ ಇದ್ದಿದ್ರೆ?"

"ಹಿನಕಲ್‌ವರೆಗೂ ಹೋಗ್ತಿದ್ದೆ. ಅಲ್ಲಿ ನಮ್ಮ ಸೋದರತ್ತೆ ಇದಾರೆ. ಅವರೇ ನಿಲ್ಲಿಸಿ ಮುದ್ದೆ ಬಡಿಸೋರು."

ಅವಳು ತಡೆಯಲಾರದೆ ನಕ್ಕಳು. ನಕ್ಕಾಗ ಅವಳ ಮೂಗಿನ ಮೇಲೆ ಸಣ್ಣದೊಂದು ಸುಕ್ಕು ಬೀಳುತ್ತದೆ ಎಂದು ಅಮರೇಶ ಅವತ್ತು ಕಂಡುಕೊಂಡ. ಅದನ್ನು ಮತ್ತೆ ಬೀಳಿಸುವುದು ಹೇಗೆಂಬ ಯೋಚನೆಯಲ್ಲೇ ಅವನ ಆ ವಾರ ಕಳೆಯಿತು.

ಅಕ್ಷತಾ ಖೋಖೋ ಆಟಗಾರ್ತಿ. ಓಟದಲ್ಲಿ ಅವಳನ್ನು ಮುಟ್ಟುವವರಿರಲಿಲ್ಲ. ಆದರೆ ಹುಟ್ಟಿದಾಗಿನಿಂದ ಮೆಲುದನಿ. ಲಕ್ಷ್ಮೀಪುರಂನ ಅವರ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಿದವರಲ್ಲ. ತಂದೆ ಏಕಾಂತಯ್ಯನವರಿಗೆ ಮಾರ್ಕೆಟ್ಟಿನ ಹತ್ತಿರ ವಿಭೂತಿ, ರುದ್ರಾಕ್ಷಿಯ ಅಂಗಡಿ. ಮಗಳು ಟ್ರ್ಯಾಕ್ ಸೂಟ್ ಹಾಕಿಕೊಂಡು ಬೀದಿಯಲ್ಲಿ ಹೋಗುವುದಕ್ಕೆ ಅವರು ಒಪ್ಪಿದ್ದೇ ಒಂದು ಮಾತಿನ ಮೇಲೆ.

"ಒಂದ್ವರ್ಷ ಕಣಮ್ಮ. ಪಾಸಾದ್ರೆ ನಿನ್ನಿಷ್ಟದ ಹಾಗೆ ಪಿ.ಟಿ. ಮಿಸ್ಸಾಗು. ಇಲ್ದಿದ್ರೆ ಈ ಓಟ ಗೀಟ ಸಾಕು. ಅಂಗಡೀಲಿ ಕೂತ್ಕೋ."

ಪಾಸಾಗಲು ಕೊನೆಯಲ್ಲೊಂದು ಪರೀಕ್ಷೆ ಇತ್ತು. ನಿಜವಾದ ಶಾಲೆಯಲ್ಲಿ, ನಿಜವಾದ ಮಕ್ಕಳನ್ನು ನಿಲ್ಲಿಸಿಕೊಂಡು, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಪಾಠ ಮಾಡಿ ತೋರಿಸಬೇಕು. ಓಟ, ಆಟ, ಬರವಣಿಗೆ ಎಲ್ಲದರಲ್ಲೂ ಮುಂದಿದ್ದ ಹುಡುಗಿ ಆ ಒಂದರಲ್ಲಿ ಬಿದ್ದರೆ ಎಲ್ಲವೂ ಬಿದ್ದ ಹಾಗೆ.

"ನಾನು ಕಲಿಸ್ತೀನಿ" ಎಂದ ಅಮರೇಶ. ಅವನು ಓದಿದ್ದು ಮಠದ ಹಾಸ್ಟೆಲಿನಲ್ಲಿ. ಹೊಲ, ತೋಟ, ಬಾವಿಕಟ್ಟೆ ಎಂದು ಚದುರಿಹೋದ ಹುಡುಗರನ್ನೆಲ್ಲ ಪ್ರಸಾದಕ್ಕೆ ಕೂಗಿ ಕರೆಯುವುದು ಅವನಿಗೆ ವಹಿಸಿದ್ದ ಸೇವೆ. ಕೂಗಿ ಕೂಗಿ ಮೆಲ್ಲಗೆ ಮಾತಾಡುವುದೇ ಅವನಿಗೆ ಮರೆತುಹೋಗಿತ್ತು.

ದಿನಾ ಬೆಳಿಗ್ಗೆ ಮೈದಾನದ ಆ ತುದಿಯ ಬೇವಿನ ಮರದ ಕೆಳಗೆ ಅವನು ನಿಲ್ಲುವನು. ಈ ತುದಿಯಲ್ಲಿ ಅವಳು. "ಸಾವಧಾನ್!" ಎನ್ನುವಳು. ಅವನು ಕಿವಿಗೆ ಕೈ ಹಚ್ಚಿ ತಲೆಯಾಡಿಸುವನು.

"ಇನ್ನೂ ಜೋರು! ಹೊಟ್ಟೆಯಿಂದ ಬರ್ಲಿ!"

"ಹೊಟ್ಟೇಲಿ ಇಡ್ಲಿ ಇದೆ. ಅದೇ ಬರತ್ತೆ ಅಷ್ಟೆ!"

"ಏನಂದ್ರಿ? ಕೇಳಿಸ್ಲಿಲ್ಲ!"

ಅವನಿಗೆ ಕೇಳಿಸದೆಂಬ ಧೈರ್ಯದಲ್ಲಿ ಅವಳು ಏನೇನೋ ಹೇಳುತ್ತಿದ್ದಳು. "ಮಂಕೇ" ಎನ್ನುತ್ತಿದ್ದಳು. "ಬಿಳೀ ಬನಿಯನ್ ನಿಮ್ಗೆ ಚೆನ್ನಾಗಿ ಕಾಣತ್ತೆ" ಎಂದೂ ಒಂದು ದಿನ ಹೇಳಿಬಿಟ್ಟಳು. ಮಂಜಿನ ಆಚೆ ನಿಂತವನು ಆಗಲೂ ಕಿವಿಗೆ ಕೈ ಹಚ್ಚಿ, "ಇನ್ನೂ ಜೋರು!" ಎಂದ. ಅವಳ ಕೆನ್ನೆ ಬೆಚ್ಚಗಾಯಿತು.

ಆದರೆ ಬಲವಂತಕ್ಕೆ ಬಂದ ಧ್ವನಿ ಎಷ್ಟು ದಿನ ಬಾಳೀತು? ಪರೀಕ್ಷೆಗೆ ಕೆಲವೇ ವಾರ ಇದ್ದಾಗ ಅವಳ ಗಂಟಲು ಪೂರ್ತಿ ಕಟ್ಟಿಹೋಯಿತು. ಮಾತಾಡಹೋದರೆ ಕಾಗದ ಹರಿದಂಥ ಸದ್ದು. ಡಾಕ್ಟರು ಬಾಯಿ ಮುಚ್ಚಿಕೊಂಡಿರಲು ಹೇಳಿದರು.

"ಇದ್ದಿದ್ದೂ ಹೋಯ್ತಲ್ಲಮ್ಮ" ಎಂದರು ಏಕಾಂತಯ್ಯ. ಬೈಯಲಿಲ್ಲ. ಅದೇ ಅವಳಿಗೆ ಹೆಚ್ಚು ನೋವಾಯಿತು. "ಸಾಕು ಬುಡು. ನಾಳೆಯಿಂದ ಅಂಗಡಿಗೆ ಬಾ."

ಆ ಇರುಳು ಅವಳ ದಿಂಬು ಒದ್ದೆಯಾಯಿತು. ಬೆಳಿಗ್ಗೆ ಎದ್ದು ನಡುಮನೆಯ ಬಾಗಿಲಲ್ಲಿ ಸುಮ್ಮನೆ ಕುಳಿತಳು. ತಂದೆ ಅಂಗೈ ಮೇಲೆ ಇಷ್ಟಲಿಂಗವನ್ನಿಟ್ಟುಕೊಂಡು ಪೂಜೆಗೆ ಕುಳಿತಿದ್ದರು. ಆ ಹೊತ್ತು ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಎಂದೂ ಮಾತಾಡಿದ್ದಿಲ್ಲ. ತಾಯಿ ದಾಕ್ಷಾಯಣಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದರು. ಒಂದು ಬೆರಳು ಎತ್ತಿದರು, ಕೆಲಸದವಳು ಉಕ್ಕುವ ಹಾಲನ್ನು ಇಳಿಸಿದಳು. ಅಂಗೈ ಚಾಚಿದರು, ಗೇಟಿನ ಸದ್ದು ಮಾಡಲಿದ್ದ ಹೂವಿನವಳು ಅಲ್ಲೇ ನಿಂತಳು. ಕಣ್ಣು ಹೊರಳಿಸಿದರು, ತಮ್ಮ ಕಿರಣ ರೇಡಿಯೋ ಮುಟ್ಟಿದ ಕೈ ಹಿಂದಕ್ಕೆ ತೆಗೆದ.

ಅಕ್ಷತಾ ನೋಡುತ್ತಲೇ ಇದ್ದಳು. ಇಷ್ಟು ವರ್ಷ ಈ ಮನೆಯ ಬೆಳಗುಗಳನ್ನೆಲ್ಲ ಅಮ್ಮ ಒಂದು ಮಾತೂ ಆಡದೆ ನಡೆಸಿದ್ದರು. ಯಾರೂ ತಪ್ಪಿರಲಿಲ್ಲ. ಯಾಕೆಂದರೆ ಎಲ್ಲರ ಕಣ್ಣೂ ಅಮ್ಮನ ಮೇಲಿತ್ತು.

ಅವಳು ಅಂಗಡಿಗೆ ಹೋಗಲಿಲ್ಲ. ಟ್ರ್ಯಾಕ್ ಸೂಟ್ ಹಾಕಿಕೊಂಡಳು.

ಮೈದಾನದಲ್ಲಿ ಅಮರೇಶ ಕಲ್ಲುಸಕ್ಕರೆ, ಕಾಳುಮೆಣಸಿನ ಪೊಟ್ಟಣ ಹಿಡಿದು ತಲೆ ತಗ್ಗಿಸಿ ನಿಂತಿದ್ದ. "ನನ್ನಿಂದಲೇ ಆಗಿದ್ದು. ಕೂಗಿ ಕೂಗಿ ಅಂತ ನಾನೇ..."

ಅವಳು ಅಂಗೈ ಎತ್ತಿದಳು. ಅವನು ಮಾತು ನಿಲ್ಲಿಸಿದ.

ಹತ್ತಿರ ಬಂದು, ಇದ್ದಷ್ಟು ಧ್ವನಿಯಲ್ಲಿ ಪಿಸುಗುಟ್ಟಿದಳು. "ನಿಮ್ಮ ಧ್ವನಿ ಇಟ್ಕೊಂಡು ನಾನು ಮಿಸ್ಸಾಗಕ್ಕಾಗಲ್ಲ ಕಣ್ರೀ. ನಂದೇ ಬೇರೆ ದಾರಿ ನೋಡ್ಕೊತೀನಿ. ನೀವು ಸುಮ್ನೆ ನಿಂತ್ಕೊಳಿ."

ಅಂದಿನಿಂದ ಅವನೇ ಅವಳ ಮಗ್ಗಿ, ಅವನೇ ಪಾಟಿ. ಎರಡು ಬೆರಳೆತ್ತಿದರೆ ಸಾವಧಾನ್. ಅಂಗೈ ತೆರೆದರೆ ವಿಶ್ರಾಮ್. ಮುಷ್ಟಿ ಬಿಗಿದರೆ ಥಮ್. ಎಷ್ಟೇ ದೂರ ಇದ್ದರೂ ಕಾಣಲೆಂದು ಅವಳು ಕೈಗೆ ಹಳದಿ ರಿಬ್ಬನ್ ಸುತ್ತಿಕೊಂಡಳು.

ಒಮ್ಮೆ ಬೆರಳು ಸುತ್ತಿಸಿ ಹಿಂದಕ್ಕೆ ತಿರುಗಲು ಸೂಚಿಸಿದಳು. ಅವನು ತಿರುಗಿದ. ಅವಳು ಮತ್ತೆ ಈ ಕಡೆಗೆ ತಿರುಗಿಸಲು ಆತುರಪಡಲಿಲ್ಲ. ಅಗಲವಾದ ಆ ಬೆನ್ನು, ಬಿಸಿಲಿಗೆ ಕಂದಿದ ಕುತ್ತಿಗೆ, ಕಿವಿಯ ಹಿಂದೆ ಸುರುಳಿಯಾದ ಕೂದಲು. ಯಾರ ಹಂಗಿಲ್ಲದೆ ಕಣ್ತುಂಬ ನೋಡಿದಳು.

"ಮೇಡಂ, ಈ ಕಡೆ ತಿರುಗ್ಲಾ?" ಎಂದ ಅವನು ಬೇವಿನ ಮರಕ್ಕೆ.

"ಸ್ವಲ್ಪ ಇರಿ."

"ಅಲ್ಲಿ ಏನ್ ಮಾಡ್ತಿದೀರಿ?"

"ಪಾಠ ಓದ್ಕೊತಿದೀನಿ" ಎಂದಳು. ಅವನ ಕಿವಿಯ ತುದಿ ಕೆಂಪಾದದ್ದು ಅವಳಿಗೆ ಕಂಡಿತು.

ಪರೀಕ್ಷೆಯ ಶಾಲೆ ಯಾದವಗಿರಿಯಲ್ಲಿತ್ತು. ಮೈದಾನದ ಪಕ್ಕದಲ್ಲೇ ರೈಲು ಹಳಿ. ಎರಡು ವಾರ ಅಲ್ಲಿ ಅಭ್ಯಾಸ ನಡೆಯಿತು. ಅಕ್ಷತಾಳಿಗೆ ಸಿಕ್ಕಿದ್ದು ಆರನೇ ಕ್ಲಾಸು. ಉಳಿದವರ ತರಗತಿಗಳಲ್ಲಿ ಮಕ್ಕಳು ಆಕಾಶ ನೋಡಿಕೊಂಡು, ಕೂಗು ಕಿವಿಗೆ ಬಿದ್ದಾಗ ಕೈಕಾಲು ಆಡಿಸುತ್ತಿದ್ದರು. ಅಕ್ಷತಾಳ ಧ್ವನಿ ಅರ್ಧ ಮರಳಿತ್ತಷ್ಟೆ. ಮಕ್ಕಳಿಗೆ ಅವಳನ್ನು ನೋಡದೆ ಬೇರೆ ದಾರಿಯೇ ಇರಲಿಲ್ಲ. ಮೊದಲು ಆಟವೆಂದು ನೋಡಿದರು. ಆಮೇಲೆ ಪ್ರೀತಿಯಿಂದ ನೋಡಿದರು.

ಪರೀಕ್ಷಕಿ ಗಿರಿಜಾಂಬಾ ಮೇಡಂ ಬಿಗಿ ಮುಖದವರು. ಪರೀಕ್ಷೆಯ ದಿನ ಅಕ್ಷತಾಳ ಮೊದಲ "ಸಾವಧಾನ್" ಕೇಳಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಇದೇನು ಧ್ವನೀನಾ, ಉಸಿರಾ? ಪಿ.ಟಿ. ಮಿಸ್ ಆಗೋಳು ಹಿಂಗೆ ಮಾತಾಡಿದ್ರೆ ಮಕ್ಳು ಕೇಳ್ತಾವಾ?"

ಅನಂತಪದ್ಮನಾಭ ಸರ್ ನೆಲ ನೋಡಿದರು. ಸುಣ್ಣದ ಬಕೆಟ್ ಹಿಡಿದು ಗೆರೆಯಾಚೆ ನಿಂತಿದ್ದ ಅಮರೇಶ ಬಕೆಟ್ ಕೆಳಗಿಟ್ಟ.

ತರಗತಿ ಸಾಲುಸಾಲಾಗಿ ಹೊರಟಿತು. ನಾಲ್ಕು ಸಾಲು ನಡುಮೈದಾನದಲ್ಲಿ ಕತ್ತರಿಯಂತೆ ದಾಟಬೇಕು. ಒಬ್ಬರು ತಡವಾದರೂ ಎಲ್ಲರೂ ಒಬ್ಬರ ಮೇಲೊಬ್ಬರು. ಸಾಲುಗಳು ಹತ್ತಿರವಾಗುವ ಹೊತ್ತಿಗೆ ಸರಿಯಾಗಿ ಗೂಡ್ಸ್ ರೈಲೊಂದು ಕೂಗಿಕೊಂಡು ಬಂತು.

ನೆಲ ನಡುಗಿತು. ಪಕ್ಕದವರ ಮಾತೂ ಕೇಳಿಸದಂಥ ಸದ್ದು. ಅನು ಕಣ್ಣು ಮುಚ್ಚಿಕೊಂಡಳು. ಗಿರಿಜಾಂಬಾ ಮೇಡಂ ಪಾಠ ನಿಲ್ಲಿಸುವಂತೆ ಏನೋ ಹೇಳಿದರು. ಅವರ ಮಾತು ಅವರಿಗೇ ಕೇಳಿಸಲಿಲ್ಲ.

ಅಕ್ಷತಾಳ ಹಳದಿ ರಿಬ್ಬನ್ನಿನ ಕೈ ಮೇಲೆದ್ದಿತು.

ಮಕ್ಕಳು ರೈಲಿನ ಕಡೆ ನೋಡಲಿಲ್ಲ. ಕೈ ಬಲಕ್ಕೆ ಹರಿಯಿತು, ಎರಡು ಸಾಲು ಬಲಕ್ಕೆ ಹರಿದವು. ಎಡಕ್ಕೆ ಬೀಸಿತು, ಉಳಿದೆರಡು ಅವುಗಳ ನಡುವೆ ನೂಲಿನಂತೆ ನುಸುಳಿ ಆಚೆ ಬಂದವು. ಒಂದು ಭುಜಕ್ಕೂ ಇನ್ನೊಂದು ಭುಜ ತಾಗಲಿಲ್ಲ. ವ್ಯಾಗನ್ನುಗಳು ಗಡಗಡ ಎನ್ನುತ್ತ ಹೋಗುತ್ತಲೇ ಇದ್ದವು. ಆ ಸದ್ದಿನ ನಡುವೆ ಇಡೀ ತರಗತಿ ಹೂವಿನ ಎಸಳು ಬಿಚ್ಚಿದಂತೆ ವೃತ್ತವಾಯಿತು. ಮುಷ್ಟಿ ಬಿಗಿಯಿತು. ಎಲ್ಲ ಪುಟ್ಟ ಪಾದಗಳೂ ಒಟ್ಟಿಗೆ ನೆಲಕ್ಕೆ ಬಡಿದು ನಿಂತವು.

ಕೊನೆಯ ವ್ಯಾಗನ್ನು ದಾಟಿ ಹೋಯಿತು. ಆಮೇಲೆ ಚಪ್ಪಾಳೆ. ಮೊದಲು ತಟ್ಟಿದ್ದು ಗಿರಿಜಾಂಬಾ ಮೇಡಂ.

"ಬಾಮ್ಮ ಇಲ್ಲಿ" ಎಂದು ಅವಳನ್ನು ಹತ್ತಿರ ಕರೆದು ಕೈ ಹಿಡಿದುಕೊಂಡರು. "ಮೂವತ್ತು ವರ್ಷದಿಂದ ಕೂಗಿ ಕೂಗಿ ನನ್ನ ಗಂಟಲು ತಮಟೆ ಆಗಿದೆ. ಮಕ್ಳು ಮೇಷ್ಟ್ರ ಮುಖಾನೇ ನೋಡ್ತಾ ಪಾಠ ಕಲಿಯೋದನ್ನ ಇವತ್ತು ನೋಡ್ದೆ. ನಿನ್ನ ಮಾರ್ಕ್ಸ್ ವಿಚಾರಕ್ಕೆ ನೀನು ತಲೆ ಕೆಡಿಸ್ಕೋಬೇಡ. ಯಾವ ಸ್ಕೂಲಿಗೆ ಹೋಗ್ಬೇಕು ಅಂತ ಮಾತ್ರ ಯೋಚ್ನೆ ಮಾಡು."

ಅನು ಓಡಿಬಂದು ಅವಳನ್ನು ಎತ್ತಿ ಗಿರಗಿರನೆ ತಿರುಗಿಸಿದಳು. ಕೆಳಗಿಳಿದಾಗ ಗೇಟಿನ ಬಳಿ ನಿಂತಿದ್ದವರು ಅಕ್ಷತಾಳ ಕಣ್ಣಿಗೆ ಬಿದ್ದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಕಷಾಯದ ಫ್ಲಾಸ್ಕು. ಏಕಾಂತಯ್ಯ.

"ನಿಮ್ಮಮ್ಮ ಕೊಟ್ಟು ಕಳಿಸಿದ್ಲು" ಎಂದರು ಅವರು. "ಆಗಲೇ ಬಂದೆ. ಒಳಗೆ ಬರೋಕೆ ಆಗ್ಲಿಲ್ಲ. ಕಣ್ಣು ಕೀಳೋಕಾಗ್ಲಿಲ್ಲ ಕಣಮ್ಮ." ಕಣ್ಣೊರೆಸಿಕೊಂಡು ಮತ್ತೆ ಅಂದರು. "ಅಂಗಡಿಗೆ ಬೇರೆ ಹುಡುಗನ್ನ ನೋಡ್ಕೊತೀನಿ. ನೀನು ಬರ್ಬೇಡ."

ಅವಳು ಅಪ್ಪನ ತೋಳಿಗೆ ತಲೆ ಆನಿಸಿದಳು. ಅಷ್ಟರಲ್ಲಿ ಅಮರೇಶ ಹತ್ತಿರ ಬಂದ. ಅಂಗೈಯೆಲ್ಲ ಸುಣ್ಣ. ಅವಳನ್ನು ನಾಲ್ಕು ಹೆಜ್ಜೆ ಆಚೆಗೆ ಕರೆದ.

"ಒಂದು ಮಾತು. ಯಾರಿಗೂ ಕೇಳಿಸ್ಬಾರ್ದು."

ಬಗ್ಗಿ, ಕೈ ಅಡ್ಡ ಇಟ್ಟು, ತನ್ನ ಜೀವಮಾನದಲ್ಲೇ ಅತಿ ಮೆಲ್ಲಗಿನ ಧ್ವನಿಯಲ್ಲಿ ಕೇಳಿದ.

"ಅಕ್ಷತಾ, ನನ್ನ ಮದ್ವೆ ಆಗ್ತೀರಾ?"

ಮೈದಾನದ ಆ ತುದಿಯಲ್ಲಿ ನೀರು ಕುಡಿಯುತ್ತಿದ್ದ ಮಕ್ಕಳು ತಿರುಗಿ ನೋಡಿದರು. ಗಿರಿಜಾಂಬಾ ಮೇಡಂ ಕನ್ನಡಕ ತೆಗೆದರು. ಅನಂತಪದ್ಮನಾಭ ಸರ್ ಕೆಮ್ಮಿದರು.

"ಆಗ್ತಾರೆ ಸಾರ್!" ಎಂದು ಆರನೇ ಕ್ಲಾಸು ಒಕ್ಕೊರಲಿನಿಂದ ಕೂಗಿತು.

ಅಮರೇಶನ ಮುಖ ಕೆಂಪಾಯಿತು. ಅಕ್ಷತಾಳಿಗೆ ನೆಲ ಬಿರಿಯಬಾರದೇ ಅನ್ನಿಸಿತು, ಹಾರಿಬಿಡೋಣ ಅಂತಲೂ ಅನ್ನಿಸಿತು. ಹೆದರುತ್ತ ಅಪ್ಪನ ಕಡೆ ತಿರುಗಿದಳು.

ಏಕಾಂತಯ್ಯ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದರು. ಹುಡುಗನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಮೀಸೆಯಡಿ ನಗು ಅಡಗಿಸಿಕೊಂಡರು.

"ನನ್ನನ್ನೇನು ನೋಡ್ತೀಯಮ್ಮ? ಆತ ಕೇಳಿದ್ದು ನಿನ್ನನ್ನ."

ಅವಳು ಅಮರೇಶನ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ಸರಿದಳು. ಕಾಲ್ಬೆರಳ ಮೇಲೆ ನಿಂತು ಅವನ ಕಿವಿಯಲ್ಲಿ ಏನೋ ಹೇಳಿದಳು. ಅವನೊಬ್ಬನಿಗೆ ಬಿಟ್ಟರೆ ಗಾಳಿಗೂ ಕೇಳಿಸಲಿಲ್ಲ.

"ಸಾರ್, ಮಿಸ್ ಏನಂದ್ರು? ಮಿಸ್ ಏನಂದ್ರು ಸಾರ್?" ಮಕ್ಕಳು ಸುತ್ತುವರಿದು ಅವನ ಅಂಗಿ ಜಗ್ಗಿದರು.

ಅಮರೇಶ ಎದೆ ತುಂಬ ಉಸಿರೆಳೆದುಕೊಂಡ.

"ಹೂಂ ಅಂದ್ರು ಕಣ್ರೋ!"

ಯಾದವಗಿರಿಯ ಬಂಗಲೆಗಳ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು.